ಬೆಂಕಿ ಬಿದ್ದಾಗ ಬಾವಿ ತೋಡುವವರು

ಸುಟ್ಟ ಅಂಗಡಿ ನೋಡಲು ದೊಡ್ಡವರು ಬರುತ್ತಾರೆ, ಸಮಾಧಾನ ಹೇಳಿ ಹೋಗುತ್ತಾರೆ. ಸುಡದಂತೆ ಕಾಯುವ ಯೋಜನೆ ಎಲ್ಲಿ ಎಂದು ನಾವು ಕೇಳುತ್ತೇವೆ.

ತಾಲೂಕು ಊರಿನಲ್ಲಿ ಅಗ್ನಿಶಾಮಕ ಠಾಣೆಯಿದ್ದರೆ ಸಾಕು ಎನ್ನುವವರಿದ್ದಾರೆ. ಲೆಕ್ಕ ಹಾಕೋಣ. ಹಳ್ಳಿಗೆ 20 ನಿಮಿಷದಲ್ಲಿ ಬಂಡಿ ಮುಟ್ಟಬೇಕೆಂಬುದು ದೇಶದ ಅಗ್ನಿಶಾಮಕ ಸಲಹಾ ಮಂಡಳಿಯೇ ಹಾಕಿದ ಅಳತೆ. ನೀರು ತುಂಬಿದ ಬಂಡಿ ತಾಸಿಗೆ 40 ಕಿ.ಮೀ. ಓಡಿದರೂ ಅಷ್ಟರಲ್ಲಿ ದಾಟುವುದು ಬರೇ 13 ಕಿ.ಮೀ. ಶಿರಸಿಯಿಂದ ಬನವಾಸಿಯೇ 20 ಕಿ.ಮೀ. ಮೀರಿದೆ. ಸಿದ್ದಾಪುರ, ಯಲ್ಲಾಪುರದ ಕಾಡೊಳಗಿನ ಹಳ್ಳಿಗಳ ಪಾಡೇನು?

ಬೇಸಿಗೆಯಲ್ಲಿ ಬೆಟ್ಟದ ದರಕು ಒಣಗಿ ಕಿಡಿಗೆ ಕಾದಿರುತ್ತದೆ. ಗೋದಾಮು ಸುಟ್ಟರೆ ಸಾಹುಕಾರನಿಗೆ ವಿಮೆಯುಂಟು. ಸಾಲ ತಂದ ಸಣ್ಣ ಅಂಗಡಿಕಾರನಿಗೆ, ಮಿಲ್ಲಿನ ದಿನಗೂಲಿಗೆ ಏನುಂಟು?

ರಾಜ್ಯಗಳ ಅಗ್ನಿಶಾಮಕ ಸೇವೆ ಬೆಳೆಸಲು ಕೇಂದ್ರ ಸರಕಾರ 2023ರಲ್ಲಿ 5,000 ಕೋಟಿ ರೂಪಾಯಿಯ ಯೋಜನೆ ಸಾರಿತು. ಹೊಸ ಬಂಡಿಗೆ ಹಾರ ಹಾಕಿ ಪಟ ತೆಗೆಸಿಕೊಳ್ಳುವುದು ಯೋಜನೆಯಲ್ಲ. ಮುಂದಿನ 20 ವರ್ಷಕ್ಕೆ ಉಪಠಾಣೆ ಎಲ್ಲೆಲ್ಲಿ, ನೀರು ಯಾವ ಕೆರೆಯದು, ಆಳು ಎಷ್ಟು—ಊರೂರಿನ ಲೆಕ್ಕ ಬರೆದು ಜನರ ಮುಂದಿಡಬೇಕು. ಠಾಣೆಯ ಸಿಬ್ಬಂದಿಯ ಮೇಲೆ ನಮಗೆ ಸಿಟ್ಟಿಲ್ಲ, ಅವರೂ ದುಡಿಯುವವರೇ.

ಬಂಧುಗಳೇ, ಗ್ರಾಮಸಭೆ, ನಗರಸಭೆಗಳಲ್ಲಿ ಠರಾವು ಮಾಡಿಸಿ ಬೆಂಗಳೂರಿಗೆ ಕಳಿಸೋಣ. ಲೆಕ್ಕ ಬರುವವರೆಗೆ ಬಿಡುವುದು ಬೇಡ.