ಕೆಮ್ಮಿದ್ರ ಹನಿ ಹೋಗೂದು ಹಣೆಬರಹ ಅಲ್ಲ

ನಮ್ಮ ಮೈದುನನ ಮಗಳು ಫಿಸಿಯೋಥೆರಪಿ ಓದ್ಯಾಳ ಅಂತ ನಿಮಗೆಲ್ಲಾ ಗೊತ್ತದ. ಈಗ ಆಕಿ, ಹೆಣ್ಮಕ್ಕಳ ಕಿಬ್ಬೊಟ್ಟಿ ಕೆಳಗಿನ ಸ್ನಾಯುಗಳ ಚಿಕಿತ್ಸಾನೇ ಮುಂದ ಕಲೀತೀನಿ ಅಂದಾಳ. ಮನ್ಯಾಗ ಹಿರಿಯರ ಮುಖ ಸಣ್ಣ ಆಗ್ಯಾವ. "ಮೊಣಕಾಲು, ಸೊಂಟ ನೋಡ್ಕೊಂಡಿದ್ರ ಸಾಲದೇನು? ಗಂಡಿನ ಕಡೆಯವ್ರು ಕೇಳಿದ್ರ ಏನಂತ ಹೇಳೂದು?" ಅಂತ ಮಾತು. ನಾ ಅಂತೂ ಆಕಿ ಕಡೆ. ಯಾಕ ಅಂತ ಹೇಳ್ತೀನಿ, ಕೇಳ್ರಿ.

ನಮ್ಮೊಳಗ ಎಷ್ಟು ಮಂದಿ ಲಗ್ನಕ್ಕ ಹೋಗೂಮುಂದ ಬಸ್ಸಿನ ದಾರಿಗೆ ಅಂಜಿ ನೀರು ಕುಡಿಯೂದು ಬಿಡ್ತಾರ? ಸೀನು ಬಂದ್ರ ಎಷ್ಟು ಮಂದಿ ಕಾಲಿಗೆ ಕಾಲು ಹೆಣಕೊಂಡು ನಿಂದರ್ತಾರ? "ಮೂರು ಹಡದೀನಿ, ಇನ್ನೇನಾಗ್ತದ" ಅಂತ ನಕ್ಕು ಸುಮ್ಮನಾಗ್ತೀವಿ. ಊರಿಗೆ ಹೋಗೂದು ಬಿಡ್ತೀವಿ, ಬಾಯಿ ಮಾತ್ರ ಬಿಡಂಗಿಲ್ಲ.

ಆಕಿ ನನಗ ತಿಳಿಸಿ ಹೇಳಿದಳು. ಮುಂದಿನ ಎಲುಬಿನಿಂದ ಹಿಂದಿನ ಬಾಲದ ಎಲುಬಿನ ತನಕ ಜೋಲಿ ಕಟ್ಟಿಧಂಗ ಸ್ನಾಯುಗಳ ಪದರ ಅದ. ಮೂತ್ರಚೀಲ, ಗರ್ಭಚೀಲ, ಕರುಳಿಗೆ ಅದೇ ಆಧಾರ. ಹೆರಿಗಿ, ವರ್ಷಗಟ್ಟಲೆ ಕೆಮ್ಮು, ಮಲಬದ್ಧತಿ, ಭಾರ ಎತ್ತೂದು, ಇವುಗಳಿಂದ ಜೋಲಿ ಸಡಲ ಆಗ್ತದ. ಸ್ನಾಯು ಅಂದಮ್ಯಾಲ ವ್ಯಾಯಾಮದಿಂದ ಗಟ್ಟಿ ಮಾಡ್ಲಿಕ್ಕೂ ಬರ್ತದ. ಅಮೆರಿಕದ ಡಾಕ್ಟರ್ ಆರ್ನಾಲ್ಡ್ ಕೇಗಲ್ 1948ರಾಗನ ಇದನ್ನ ಬರದಿಟ್ಟಾರ. 1977ರಾಗ ಎಲಿಜಬೆತ್ ನೋಬಲ್ ಅನ್ನೋ ಫಿಸಿಯೋಥೆರಪಿಸ್ಟ್, ಅಲ್ಲಿಯ ಫಿಸಿಯೋಥೆರಪಿ ಸಂಘದಾಗ ಹೆಣ್ಮಕ್ಕಳ ಈ ಆರೈಕಿಗೆ ಬ್ಯಾರೆ ವಿಭಾಗಾನೇ ಸುರು ಮಾಡಿದ್ರು.

ಮೊಬೈಲ್ ನೋಡಿ ಮನ್ಯಾಗ ಮಾಡಿದ್ರ ಆಗಂಗಿಲ್ಲೇನು ಅಂತ ಕೇಳಿದೆ. ಕೆಲವರಿಗೆ ಸ್ನಾಯು ಸಡಲ ಅಲ್ಲ, ಅತಿ ಬಿಗಿ ಆಗಿರ್ತದಂತ. ಅವರಿಗೆ ಸಡಲ ಬಿಡೂದನ್ನ ಕಲಿಸಬೇಕು. ಇನ್ನ ಕೆಲವರು ಮ್ಯಾಲ ಎಳಕೊಳ್ಳೂದು ಬಿಟ್ಟು ಉಸಿರು ಕಟ್ಟಿ ಕೆಳಗ ತಿಣಕತಾರ, ಅದು ಉಲ್ಟಾ. ಅದಕ್ಕ ಕಲತವರು ಬೇಕು. ಅವರು ಹೇಳಿಧಂಗ ದಿನಾ ಮಾಡಿದ್ರೂ ಗುಣ ಕಾಣಲಿಕ್ಕೆ ಮೂರು ತಿಂಗಳು ಹಿಡೀಬಹುದು.

ಕಲಿಯೂ ಹಾದಿನೂ ಸಣ್ಣದಲ್ಲ. ಪಿಯುಸಿ ಸೈನ್ಸ್ ಆದಮ್ಯಾಲ ಇಂಟರ್ನ್‌ಶಿಪ್ ಸೇರಿ ನಾಲ್ಕೂವರಿ ವರ್ಷ ಬಿಪಿಟಿ ಮುಗಿಸ್ಯಾಳ. ಮುಂದ ಎರಡು ವರ್ಷ ಎಂಪಿಟಿ, ಅದರಮ್ಯಾಲ ಅನುಭವಸ್ಥರ ಕೈಕೆಳಗ ತರಬೇತಿ. ಮುಟ್ಟೂಕಿಂತ ಮೊದಲು ಒಪ್ಪಿಗಿ ಕೇಳೂದು, ಬ್ಯಾಡ ಅಂದ್ರ ಅಲ್ಲಿಗೇ ನಿಲ್ಲಸೂದು, ಕೇಳಿದ ಗುಟ್ಟು ಹೊಟ್ಟ್ಯಾಗ ಇಟ್ಕೊಳ್ಳೂದು, ಇದೂ ಆಕಿ ಕಲಿಯೂ ವಿದ್ಯಾದಾಗ ಬಂತು.

"ನಮ್ಮಂಥ ಊರಾಗ ಇದಕ್ಕ ನೌಕರಿ ಎಲ್ಲದ?" ಅಂತಾನ ಆಕಿ ಅಪ್ಪ. ಅವನ ಅಂಜಿಕಿ ಸುಳ್ಳಲ್ಲ. ಆದ್ರ ಮೊಣಕಾಲು, ಬೆನ್ನು ನೋಡ್ಕೋತನ ಇದನ್ನೂ ನೋಡ್ಲಿಕ್ಕೆ ಬರ್ತದಲ್ಲ? ನಾವು ಹೋಗಿ ಕೇಳದಿದ್ರ ಯಾವ ದವಾಖಾನಿಯವ್ರು ಇಂಥವರನ್ನ ಇಟ್ಕೊಂಡಾರು?

ಇನ್ನ ನಾಚಿಗಿ ಮಾತು. ಸೂಲಗಿತ್ತಿ ನರಸಮ್ಮನವರಿಗೆ 2018ರಾಗ ಪದ್ಮಶ್ರೀ ಬಂತು, ಎಲ್ಲಾರೂ ಕೈ ಮುಗದ್ವಿ. ಹೆರಿಗಿ ಮಾಡಸೂದು ಪುಣ್ಯದ ಕೆಲಸ ಅಂದ್ರ, ಹಡದ ಮೈ ಸರಿ ಮಾಡೂದು ಹೇಸಿಗಿ ಹ್ಯಾಂಗಾದೀತು? ಬಾಣಂತಿಗೆ ಎಣ್ಣಿ-ನೀರು ಹಾಕ್ತೀವಿ, ಅಂಟಿನುಂಡಿ ಕೊಡ್ತೀವಿ, ಅಗ್ಗಿಷ್ಟಿಗಿ ಹಾಕ್ತೀವಿ. "ಹನಿ ಹೋಗ್ತದೇನವಾ?" ಅಂತ ಒಬ್ಬಾಕಿನೂ ಕೇಳಂಗಿಲ್ಲ. ಪ್ರೋಸ್ಟೇಟ್ ಆಪರೇಷನ್ ಆದ ಗಂಡಸರಿಗೂ ಈ ತ್ರಾಸು ಬರ್ತದ, ಅವರಿಗೂ ಇದೇ ವ್ಯಾಯಾಮ ಹೇಳ್ತಾರ.

ಮೂತ್ರದಾಗ ರಕ್ತ ಬಂದ್ರ, ಉರಿ ಇದ್ರ, ಕೆಳಗ ಏನರೆ ಜಾರಿಧಂಗ ಆದ್ರ ಮೊದಲು ಡಾಕ್ಟರಿಗೆ ತೋರಸ್ರಿ. ಬರೇ ಹನಿ ಹೋಗ್ತಿದ್ರೂ ಮುಚ್ಚಿಡಬ್ಯಾಡ್ರಿ ವೈನಿ, ಕಾಕು. ನಿಮ್ಮ ಮನಿ ಹುಡುಗಿ ನಾಳೆ ಈ ವಿದ್ಯಾ ಕಲೀತೀನಿ ಅಂದ್ರ ಅಡ್ಡ ಬರಬ್ಯಾಡ್ರಿ. ನಾವು ಬಾಯಿ ಬಿಟ್ಟು ಹೇಳಲಾರದ್ದನ್ನ ಕೇಳಲಿಕ್ಕೆ ಒಬ್ಬಾಕಿ ತಯಾರಾಗಾಕತ್ತಾಳ, ಆಕಿಗೆ ಫೀ ಕಟ್ಟಿ ಕಳಸ್ರಿ.