ಮೊಬೈಲಿನ ವೈರಸ್ಸು: ಹೊಣೆ ಯಾರದು?

ಯಾರದಾದರೂ ಮೊಬೈಲು ಕೆಟ್ಟಿತೆಂದರೆ “ವೈರಸ್ಸು ಬಂದಿದೆ” ಎಂಬ ತೀರ್ಮಾನವು ಕೂಡಲೆ ಹೊರಡುತ್ತದೆ. ಅದೂ ನೆಗಡಿಯಂತೆ ಗಾಳಿಯಲ್ಲಿ ತೇಲಿಬಂದಿತೆಂಬ ಭಾವನೆ. ಈ ಹೋಲಿಕೆಯು ನಮ್ಮನ್ನು ದಾರಿ ತಪ್ಪಿಸುತ್ತದೆಂಬುದು ನಮ್ಮ ಅಭಿಪ್ರಾಯ.

ಮೊಬೈಲಿನ ವೈರಸ್ಸು ಜೀವಾಣುವಲ್ಲ. ಮನುಷ್ಯನೇ ಬರೆದ ಆಜ್ಞೆಗಳ ಸರಣಿ. ಆ ಆಜ್ಞೆಗಳು ನಡೆಯಬೇಕಾದರೆ ಯಂತ್ರದೊಳಗೆ ಅವಕ್ಕೆ ಪ್ರವೇಶ ದೊರೆಯಬೇಕು. ಬಹುಮಟ್ಟಿಗೆ ಆ ಪ್ರವೇಶವನ್ನು ಕೊಡುವವರು ನಾವೇ. 2004ರಲ್ಲಿ ಕಾಣಿಸಿಕೊಂಡ ‘ಕ್ಯಾಬಿರ್’ ಎಂಬುದನ್ನು ನೋಡಿರಿ. ಬ್ಲೂಟೂತ್ ಅಲೆಗಳ ಮೂಲಕ ಸುಮಾರು 10 ಮೀಟರಿನೊಳಗಿನ ಸಿಂಬಿಯನ್ ಫೋನುಗಳಿಗೆ ಹರಡುತ್ತಿದ್ದ ಇದು ಮೊದಲು ಫೋನಿನ ಒಡೆಯನ ಒಪ್ಪಿಗೆಯನ್ನು ಬೇಡುತ್ತಿತ್ತು. ಒಪ್ಪಿದವನ ಫೋನು ನೆರೆಯ ಫೋನುಗಳನ್ನು ಸದಾ ಹುಡುಕುತ್ತ ತನ್ನ ಬ್ಯಾಟರಿಯನ್ನು ಬರಿದುಮಾಡಿಕೊಳ್ಳುತ್ತಿತ್ತು. ಇಪ್ಪತ್ತು ವರ್ಷಗಳ ತರುವಾಯ, 2024ರಲ್ಲಿ, ನಮ್ಮ ದೇಶದಲ್ಲಿ ವಾಟ್ಸ್‌ಆಪ್ ಮೂಲಕ ಹುಸಿ ಮದುವೆಯ ಕರೆಯೋಲೆಗಳು ಬಂದವು. ಕರೆಯೋಲೆಯ ವೇಷದಲ್ಲಿದ್ದುದು ಎಪಿಕೆ ಕಡತ, ಎಂದರೆ ಆಂಡ್ರಾಯ್ಡ್ ಫೋನಿನಲ್ಲಿ ಆಪನ್ನು ಸ್ಥಾಪಿಸುವ ಕಟ್ಟು. ಅದನ್ನು ಸ್ಥಾಪಿಸಿ, ಸಂದೇಶಗಳನ್ನು ಓದುವ ಅನುಮತಿಯನ್ನೂ ಕೊಟ್ಟಮೇಲೆ ಬ್ಯಾಂಕಿನ ಒಟಿಪಿಯು ಕಳ್ಳರ ಕೈಸೇರಲು ತಡವೇನು? ಕರೆಯೋಲೆಗೆ ನಮ್ಮ ಸಂದೇಶಗಳನ್ನು ಓದುವ ಅಧಿಕಾರವೇಕೆ? ಈ ಒಂದು ಪ್ರಶ್ನೆಯನ್ನು ಕೇಳುವ ಅಭ್ಯಾಸವು ಹಣ ಕೊಟ್ಟು ತರುವ ಎಷ್ಟೋ ರಕ್ಷಕ ತಂತ್ರಾಂಶಗಳಿಗಿಂತ ಮೇಲು.

ಆದರೆ ಎಲ್ಲ ತಪ್ಪನ್ನೂ ಬಳಸುವವನ ಮೇಲೆಯೇ ಹೊರಿಸುವುದು ನ್ಯಾಯವಲ್ಲ. 2015ರಲ್ಲಿ ಬಯಲಿಗೆ ಬಂದ ‘ಸ್ಟೇಜ್‌ಫ್ರೈಟ್’ ದೋಷವು ಆಂಡ್ರಾಯ್ಡಿನೊಳಗೇ ಇದ್ದಿತು. ದುರುದ್ದೇಶದಿಂದ ರಚಿಸಿದ ಒಂದು ಎಂಎಂಎಸ್ ಸಂದೇಶ ಬಂದರೆ ಸಾಕು. ಒಡೆಯನು ಅದನ್ನು ತೆರೆಯದಿದ್ದರೂ ಕೆಲವು ಫೋನುಗಳಲ್ಲಿ ಪರರ ಆಜ್ಞೆ ನಡೆಯಬಹುದಾಗಿತ್ತು. ಇಂಥ ಬಿರುಕನ್ನು ಮುಚ್ಚತಕ್ಕವರು ತಯಾರಕರು. ಮುಚ್ಚುವ ಉಪಾಯವೆಂದರೆ ಅವರು ಕಳುಹಿಸುವ ಸುರಕ್ಷತಾ ಅಪ್‌ಡೇಟು. ಎಷ್ಟೋ ಅಗ್ಗದ ಫೋನುಗಳಿಗೆ ಕೆಲವೇ ವರ್ಷಗಳಲ್ಲಿ ಅದು ನಿಂತುಹೋಗುತ್ತದೆ. ಫೋನು ಮಾತ್ರ ಕೆಲಸಮಾಡುತ್ತಲೇ ಇರುತ್ತದೆ. ಅಣ್ಣನು ಬಳಸಿ ಬಿಟ್ಟ ಅಂಥ ಫೋನಿನಲ್ಲಿಯೇ ನಮ್ಮ ವಿದ್ಯಾರ್ಥಿಯು ಪಾಠ ಕೇಳುತ್ತಾನೆ, ಯುಪಿಐ ಮೂಲಕ ಶುಲ್ಕವನ್ನೂ ಕಟ್ಟುತ್ತಾನೆ. ಚಿಲಕವಿಲ್ಲದ ಮನೆಯನ್ನು ಕೊಟ್ಟು “ಜಾಗ್ರತೆಯಾಗಿರು” ಎಂದರೆ ಅವನೇನು ಮಾಡಿಯಾನು?

ಐರೋಪ್ಯ ಒಕ್ಕೂಟವು 2025ರ ಜೂನ್ 20ರಿಂದ ಜಾರಿಗೆ ತಂದ ನಿಯಮದಂತೆ, ಒಂದು ಮಾದರಿಯ ಫೋನನ್ನು ಮಾರುಕಟ್ಟೆಗೆ ಬಿಡುವುದು ನಿಂತ ಮೇಲೆಯೂ ಕನಿಷ್ಠ 5 ವರ್ಷ ಅದಕ್ಕೆ ಅಪ್‌ಡೇಟು ದೊರೆಯತಕ್ಕದ್ದು. ನಮ್ಮಲ್ಲಿಯೂ ಅಂಥ ಕಟ್ಟಳೆ ಬೇಕು. ಔಷಧದ ಶೀಶೆಯ ಮೇಲಿರುವಂತೆ, ಅಪ್‌ಡೇಟು ಎಂದಿನವರೆಗೆ ದೊರೆಯುವುದೆಂಬ ದಿನಾಂಕವು ಫೋನಿನ ಪೆಟ್ಟಿಗೆಯ ಮೇಲೆಯೇ ಅಚ್ಚಾಗಬೇಕು. ಬಡವನಿಗೆ ಅಗ್ಗದ ಫೋನು ದೊರೆತರಷ್ಟೇ ಸಾಲದು, ಸುರಕ್ಷಿತವಾದ ಫೋನೂ ದೊರೆಯಬೇಕು.

ಅಲ್ಲಿಯವರೆಗೆ ನಮ್ಮ ಕೈಲಾದುದನ್ನು ನಾವು ಮಾಡೋಣ. ಫೋನಿನ ಸೆಟ್ಟಿಂಗಿನಲ್ಲಿ ಸುರಕ್ಷತಾ ಅಪ್‌ಡೇಟಿನ ದಿನಾಂಕವನ್ನು ಇಂದೇ ನೋಡಿರಿ. ಅದು ಬಹಳ ಹಳೆಯದಾಗಿದ್ದು ಹೊಸದು ಬಾರದಿದ್ದರೆ, ಆ ಫೋನಿನಲ್ಲಿ ಹಣದ ವ್ಯವಹಾರ ಬೇಡ. ಸಂದೇಶದಲ್ಲಿ ಬಂದ ಆಪನ್ನು, ಕಳುಹಿಸಿದವರು ಬಂಧುಗಳೇ ಆದರೂ, ಸ್ಥಾಪಿಸಬೇಡಿರಿ. ಅವರ ಫೋನೇ ಕಳ್ಳರ ವಶವಾಗಿರಬಹುದು. ಮೋಸವಾಯಿತೆಂದು ತಿಳಿದ ಕ್ಷಣವೇ ಇಂಟರ್ನೆಟ್ ಸಂಪರ್ಕವನ್ನು ಕಡಿದು, ಬೇರೊಂದು ಫೋನಿನಿಂದ ಬ್ಯಾಂಕಿಗೂ 1930 ಸಂಖ್ಯೆಗೂ ತಿಳಿಸಿರಿ. ನಾಚಿಕೆಯಿಂದ ಮನೆಯವರಲ್ಲಿ ಬಚ್ಚಿಡುವುದು ಕಳ್ಳನಿಗೆ ಮಾಡುವ ಉಪಕಾರವೇ ಸರಿ.