ಕಾಯಿದೆ ಒಂದೇ, ಮನೆಗಳು ಎರಡು

ನಮ್ಮ ನಾರಾವಿಯಂಥ ಊರಿನವರು ಮನೆ ಅಡವಿಟ್ಟು ಪಡೆದ ಸಾಲದ ಕಂತು 90 ದಿನ ತಪ್ಪಿದರೆ, ಬ್ಯಾಂಕು 60 ದಿನಗಳ ನೋಟೀಸು ಕೊಟ್ಟು ಮನೆಯನ್ನೇ ವಶಪಡಿಸಿಕೊಳ್ಳಬಹುದು. 2002ರ ಸರ್ಫೇಸಿ ಕಾಯಿದೆ ಬ್ಯಾಂಕುಗಳಿಗೆ ಈ ಅಧಿಕಾರ ನೀಡಿದೆ. ಬಂಟ್ವಾಳ ಮೂಲದ ಮನೆತನದ ವಿಜಯ್ ಮಲ್ಯ ಅವರ ಸಮೂಹಕ್ಕೆ ಸೇರಿದ್ದ, ಗೋವಾದ ಕ್ಯಾಂಡೋಲಿಮ್ ಕಡಲ ತಡಿಯ ಕಿಂಗ್‌ಫಿಶರ್ ವಿಲ್ಲಾ ಹರಾಜಿಗೆ ಬಂದದ್ದೂ ಇದೇ ಕಾಯಿದೆಯಡಿ.

ಆದರೆ ಕಾಯಿದೆ ನಡೆದ ವೇಗವನ್ನು ಗಮನಿಸೋಣ. ಕಿಂಗ್‌ಫಿಶರ್ ವಿಮಾನಗಳ ಹಾರಾಟ 2012ರ ಅಕ್ಟೋಬರಿನಲ್ಲಿ ನಿಂತಿತು. ಅಷ್ಟರಲ್ಲೇ ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಬಾಕಿಯಿತ್ತು. 2015ರ ಡಿಸೆಂಬರಿನಲ್ಲಿ ಮಲ್ಯ ಅವರ 60ನೇ ಹುಟ್ಟುಹಬ್ಬ ಇದೇ ವಿಲ್ಲಾದಲ್ಲಿ ಅದ್ದೂರಿಯಾಗಿ ನಡೆಯಿತು. 2016ರ ಮಾರ್ಚಿನಲ್ಲಿ ಅವರು ದೇಶ ಬಿಟ್ಟರು. ವಿಲ್ಲಾ ಬ್ಯಾಂಕುಗಳ ಕೈಗೆ ಬಂದದ್ದು ಆಮೇಲೆ, ಮೇ ತಿಂಗಳಲ್ಲಿ.

ಮೊದಲ ಹರಾಜಿನ ಮೂಲಬೆಲೆ 85.29 ಕೋಟಿ ರೂ. ಯಾರೂ ಬರಲಿಲ್ಲ. ಬೆಲೆ 81 ಕೋಟಿಗೆ, ಬಳಿಕ 73 ಕೋಟಿಗೆ ಇಳಿದರೂ ಕೂಗುವವರಿಲ್ಲ. ಕೊನೆಗೆ 2017ರ ಏಪ್ರಿಲಿನಲ್ಲಿ ನಟ, ಉದ್ಯಮಿ ಸಚಿನ್ ಜೋಶಿ ಅವರಿಗೆ ಸುಮಾರು 73 ಕೋಟಿಗೆ ನೇರ ಮಾರಾಟವಾಯಿತು. 17 ಬ್ಯಾಂಕುಗಳಿಗೆ ಬರಬೇಕಿದ್ದ 9,000 ಕೋಟಿಗೂ ಮಿಕ್ಕಿದ ಬಾಕಿಯಲ್ಲಿ ಇದು ನೂರಕ್ಕೆ ಒಂದು ಪಾಲೂ ಅಲ್ಲ. ಬ್ಯಾಂಕುಗಳಿಗೆ ದೊಡ್ಡ ಮೊತ್ತ ಮರಳಿದ್ದು ಮುಂದೆ ಷೇರುಗಳ ಮಾರಾಟದಿಂದ.

ಅಡವಿಟ್ಟ ಆಸ್ತಿಯ ಮೇಲೆ ಸಾಲ ಕೊಟ್ಟವರಿಗೇ ಮೊದಲ ಹಕ್ಕು ಎನ್ನುವುದನ್ನು ಒಪ್ಪೋಣ. ಆದರೆ ದುಡಿದವರ ಕೂಲಿಯೂ ಸಾಲವೇ ಅಲ್ಲವೇ? ಅದಕ್ಕೆ ಅಡವು ಇಲ್ಲ, ನಂಬಿಕೆಯೊಂದೇ ಆಧಾರ. ಬಡವನ ಬಾಗಿಲಿಗೆ ಬೇಗ ತಲುಪುವ ನೋಟೀಸು ಬಂಗಲೆಯ ಬಾಗಿಲಿಗೂ ಅಷ್ಟೇ ಬೇಗ ತಲುಪಿದ ದಿನ ಕಾಯಿದೆ ಎಲ್ಲರಿಗೂ ಒಂದೇ ಎಂದು ನಾವು ಧೈರ್ಯದಿಂದ ಹೇಳಬಹುದು.